ಕೆಳಗಿನ ಒಂದಿಂಚು

ಭಾಲ್ಕಿಯ ನನ್ನ ಸ್ಟುಡಿಯೋದಲ್ಲಿ ಮುಗಿಲು ಅಂದರೆ
ಮೂರು ಗಜ ನೀಲಿ ಬಟ್ಟೆ.
ಅದರ ಮುಂದೆ ಕೂತವರಿಗೆಲ್ಲ ಒಂದೇ ಮಾತು:
ಗದ್ದ ಎತ್ರಿ, ನಗಬ್ಯಾಡ್ರಿ, ಕಣ್ಣು ಪಿಳುಕಿಸಬ್ಯಾಡ್ರಿ.
ಎಂಟು ಪ್ರತಿಗೆ ಅರವತ್ತು ರೂಪಾಯಿ.

ಮಘಿ ಮಳೆಯ ದಿನಗಳಲ್ಲಿ ನಾಲ್ಕಕ್ಕೇ ಶಟರ್ ಎಳೆದು
ಸ್ಕೂಟಿ ಹತ್ತುತ್ತೇನೆ.
ಹಲಬರ್ಗಾ ದಾಟಿದರೆ ಒಂದು ಕೆಮ್ಮಣ್ಣಿನ ದಿಬ್ಬ,
ಗಿಡವಿಲ್ಲ, ತಂತಿಯಿಲ್ಲ.
ಅಲ್ಲಿ ಮುಗಿಲು ನಾನು ಹೇಳಿದಂತೆ ಕೂರುವುದಿಲ್ಲ.

ಅವತ್ತು ಬೀದರಿನ ಕಡೆಯಿಂದ ಒಂದು ಮೋಡ ಬಂತು.
ಬಂತು ಅನ್ನಬಾರದು, ಎದ್ದಿತು.
ಅಡಿ ಸಪಾಟು, ಹಂಚಿನ ಹಾಗೆ ಕಪ್ಪು;
ಅದರ ಮೇಲೆ ಹಾಲು ಉಕ್ಕಿ, ಉಕ್ಕಿದ್ದು ಅಲ್ಲೇ ನಿಂತು,
ನೆತ್ತಿ ಮಾತ್ರ ಕಮ್ಮಾರನ ಅಡಿಗಲ್ಲು.
ತರಬೇತಿಯ ವಿಮಾನವೊಂದು ಹತ್ತಿರ ಹೋಗಿ
ಮನಸ್ಸು ಬದಲಿಸಿ ತಿರುಗಿತು.
ಒಳಗೆಲ್ಲೋ ಮಿಂಚು, ಸದ್ದಿಲ್ಲದೆ,
ಕತ್ತಲಲ್ಲಿ ಸ್ವಿಚ್ಚು ತಡಕುತ್ತಿತ್ತು.

ಚೌಕಟ್ಟಿನೊಳಗೆ ನೆಲ ಬರಬಾರದೆಂಬುದು ನನ್ನ ಹಟ.
ಆದರೆ ಇದಕ್ಕೆ ಲೆನ್ಸು ಸಾಲಲಿಲ್ಲ,
ಹಿಂದೆ ಹಿಂದೆ ಸರಿದೆ, ಜಾಲಿ ಮುಳ್ಳು ತುಳಿದೆ,
ಕೆಳಗೆ ಒಂದಿಂಚು ಉದ್ದಿನ ಹೊಲ ನುಸುಳಿತು.
ಇರಲಿ, ಆಮೇಲೆ ಕತ್ತರಿಸಿದರಾಯ್ತು.

“ಯವ್ವಾ, ಖಾಲಿ ಮುಗಿಲಾಗ ಏನ್ ತೆಗಿಲತ್ತಿ?”

ತಲೆಯ ಮೇಲೆ ಗೊಬ್ಬರ ಚೀಲದ ಕೊಪ್ಪೆ,
ಹಿಂದೆ ಹನ್ನೊಂದು ಆಡು. ಹನ್ನೆರಡಿರಬೇಕಿತ್ತಂತೆ.
ತುಳಜಮ್ಮ ಅಂತ ಹೆಸರು, ಅದು ಆಮೇಲೆ ಗೊತ್ತಾಗಿದ್ದು.
ಮೋಡ, ಅಂದೆ.
ತೋರ್ಸು, ಅಂದಳು.

ಮೋಡ ನೋಡಲೇ ಇಲ್ಲ ಮುದುಕಿ.
ನನ್ನ ಹಾಲು, ಅಡಿಗಲ್ಲು, ಅಷ್ಟು ಹೊತ್ತು ಕಾದು ಹಿಡಿದ ಮಿಂಚು
ಎಲ್ಲ ದಾಟಿ ಬೆರಳು ಸೀದಾ ಕೆಳಗಿಳಿಯಿತು.
“ಇದು ದೊಡ್ಡದು ಮಾಡು.”
ಮಾಡಿದೆ.
“ಇನ್ನಾ.”
ಕಾಳು ಕಾಳಾಗಿ ಒಡೆದ ಹಸಿರಿನಲ್ಲಿ
ಬದುವಿನಾಚೆ ಒಂದು ಬಿಳಿ ಚುಕ್ಕೆ.
ಚುಕ್ಕೆಗೆ ಎರಡು ಕಿವಿ.

“ನನ್ನ ಚಾಂದಿ! ಖೋಡಿ,
ಪಾಟೀಲರ ಉದ್ದಿಗಿ ಬಾಯಿ ಹಾಕ್ಯಾದ!”
ಒದರುತ್ತ ದಿಬ್ಬ ಇಳಿದೇಬಿಟ್ಟಳು,
ಹನ್ನೊಂದನ್ನು ನನ್ನ ಕೊರಳಿಗೆ ಹಾಕಿ.

ಆಡು ಕಾಯುವುದು ನನಗೆ ಬರುವುದಿಲ್ಲ.
ಒಂದು ಕ್ಯಾಮೆರಾದ ಬೆಲ್ಟು ಕಡಿಯಿತು,
ಒಂದು ಸ್ಕೂಟಿಯ ಸೀಟಿನ ಮೇಲೆ.
ಎರಡರ ಕಿವಿ ಎರಡು ಕೈಯಲ್ಲಿ ಹಿಡಿದು ನಿಂತಾಗಲೇ
ಬೆನ್ನ ಹಿಂದಿನ ಸೀಳಿನಿಂದ ಸೂರ್ಯ ಅಡ್ಡ ಹೊಕ್ಕ.
ಇಡೀ ಮೋಡ,
ಬುಡದಿಂದ ನೆತ್ತಿಯ ತನಕ,
ಒಡೆದ ದಾಳಿಂಬೆ.

ಕಣ್ಣಲ್ಲೇ ನೋಡಿದೆ.
ಎಷ್ಟು ಹೊತ್ತು ಇತ್ತೋ, ಆಡು ಬಿಡುವ ಹಾಗಿರಲಿಲ್ಲ.

ಶನಿವಾರ ಸ್ಟುಡಿಯೋಕ್ಕೆ ಬಂದಳು.
ನೀಲಿ ಬಟ್ಟೆ ಮುಟ್ಟಿ ನೋಡಿ, “ಚಾಂದಿದು ಕೊಡು” ಅಂದಳು.
ಕತ್ತರಿಸದೇ ದೊಡ್ಡದಾಗಿ ಹಾಕಿ ಕೊಟ್ಟೆ.
ಸೆರಗಿನ ಗಂಟು ಬಿಚ್ಚಿದಳು,
ಚಿಲ್ಲರಿಲ್ಲ ಅಂತ ಸುಳ್ಳು ಹೇಳಿದೆ.
ಮೋಡದ ಮೇಲೆ ಹೆಬ್ಬೆರಳು ಒತ್ತಿ ಹಿಡಿದುಕೊಂಡು
ಬಸ್ ಸ್ಟ್ಯಾಂಡಿನ ಕಡೆ ಹೋದಳು,
ಚುಕ್ಕೆ ನೋಡುತ್ತ.