ಕಿಟಕಿ ಎಣಿಸುವವಳು

ಇಲ್ಲಿ, ಸಾಕ್ಸನಿಯ ಅದಿರಿನ ಬೆಟ್ಟದಲ್ಲಿ,
ಡಿಸೆಂಬರಿನ ಬೆಳಗು ಎಂಟಾದರೂ ಕಣ್ಣುಜ್ಜುತ್ತಿರುತ್ತದೆ.
ನಾನು ಐದಕ್ಕೇ ಎದ್ದು ಅಂಚೆಯ ಕೈಗಾಡಿ ತಳ್ಳುತ್ತೇನೆ.
ಹಿಮದಲ್ಲಿ ಅದರ ಎಡಗಾಲಿ
ಬೀದಿಗೆಲ್ಲ ನನ್ನ ಮೇಲೆ ಚಾಡಿ ಹೇಳುತ್ತದೆ.

ಆಗಮನ ಕಾಲದ ಈ ನಾಲ್ಕು ವಾರ
ಮನೆ ನಂಬರು ಬೇಕಿಲ್ಲ ನನಗೆ,
ಕಿಟಕಿಗಳೇ ಲೆಕ್ಕ ಒಪ್ಪಿಸುತ್ತವೆ:
ಗಂಡು ಹುಟ್ಟಿದ್ದಕ್ಕೆ ಒಬ್ಬ ಮರದ ಗಣಿಗಾರ,
ಹೆಣ್ಣು ಹುಟ್ಟಿದ್ದಕ್ಕೆ ಒಬ್ಬಳು ಮರದ ದೇವದೂತೆ,
ಇಬ್ಬರಿಗೂ ಎರಡೂ ಕೈಯಲ್ಲಿ ದೀಪ.
ಬೇಕರಿಯ ಲೋರೆಂತ್ಸನ ಕಿಟಕಿಯಲ್ಲಿ ಐದು ದೇವದೂತೆಯರಿದ್ದರು,
ಈ ವರ್ಷ ಗಣಿಗಾರನನ್ನು ತರುತ್ತೇನೆಂದು ಕಾಸು ಕೂಡಿಟ್ಟು
ಇನ್ನೊಂದು ಜೊತೆ ರೆಕ್ಕೆ ತಂದ.
ಶಾಲೆಯ ಮೇಡಂ ಕಿಟಕಿಯಲ್ಲಿ ಯಾರೂ ಇಲ್ಲ.
ಒಂದು ಬೆಕ್ಕು, ಅದು ನಿಜದ್ದು.

ಬೆಳಕಿಗೆ ಇಷ್ಟು ಆಸೆಬುರುಕ ಊರೇ ಎಂದು
ಬೇಸಿಗೆಯ ಪ್ರವಾಸಿಗರು ನಗುತ್ತಾರೆ.
ಕತ್ತಲಲ್ಲಿ ಇಳಿದು ಕತ್ತಲಲ್ಲಿ ಹತ್ತಿದವರ ಊರು,
ಚಳಿಗಾಲದ ಸೂರ್ಯ ನಮ್ಮಜ್ಜಂದಿರಿಗೆ ಭಾನುವಾರದ ನೆಂಟ.
ಇಳಿಯುವವನಿಗೆ "ಹೋಗಿ ಬಾ" ಎನ್ನುತ್ತಿರಲಿಲ್ಲ ಯಾರೂ,
"ಭಾಗ್ಯ ಮೇಲಕ್ಕೆ" ಎನ್ನುತ್ತಿದ್ದರು.
ತವರದ ಗಣಿಗೆ ಬೀಗ ಬಿದ್ದು ಮೂವತ್ತು ವರ್ಷ ದಾಟಿತು.
ತವರ ಹೋಯಿತು. ಆ ಮಾತು ಮಾತ್ರ
ತವರಿನ ಹಾಗೆ, ನೆನೆದಾಗಲೆಲ್ಲ ಬಾಯಿಗೆ ಬರುತ್ತದೆ.

ಬೀದಿಯ ತುದಿಯಲ್ಲಿ ರೋಸ್ವಿತಾ, ಎಂಬತ್ತಾರು.
ರಿಜಿಸ್ಟರ್ಡ್ ಕಾಗದಕ್ಕೆ ಸಹಿ ಎಂದರೆ
ಬೂಟು ಬಿಚ್ಚಿಸಿ ಅಡುಗೆಮನೆಗೆ ಕರೆಯುತ್ತಾಳೆ.
ಮೇಜಿನ ಮೇಲೆ ಫರ್ ಕೊಂಬೆ ಸುತ್ತಿದ ಹಸಿರು ಸಿಂಬಿ,
ಅದರ ಮೇಲೆ ಕೂರಬೇಕಾದ ಕೊಡ ಇನ್ನೂ ಬಂದಿಲ್ಲ.
ಸುತ್ತ ನಾಲ್ಕು ಮೇಣದ ಬತ್ತಿ.
ಕ್ಯಾಥೊಲಿಕರಲ್ಲಿ ಮೂರು ನೇರಳೆ, ಒಂದು ಗುಲಾಬಿಯಂತೆ,
ಪಶ್ಚಾತ್ತಾಪದ ನಡುವೆ ನಗುವುದಕ್ಕೆ ಒಂದು ದಿನ ರಜೆ.
ಇವಳವು ನಾಲ್ಕೂ ಕೆಂಪು, ಕಿರಾಣಿ ಅಂಗಡಿಯವು.
ನಿರೀಕ್ಷೆ, ಶಾಂತಿ ಎಂದು ಪಾದ್ರಿ ಅವಕ್ಕೆ ಹೆಸರು ಹಿಡಿಯುತ್ತಾರೆ,
ಇವಳು ನೋಡುವುದು ಎತ್ತರವನ್ನು:
"ಮೊದಲು ಹೊತ್ತಿದ್ದು ಎಷ್ಟು ಗಿಡ್ಡವಾಯಿತು ನೋಡು.
ಹೆಚ್ಚು ಕಾದವರು ಹೀಗೇ.
ನಿನ್ನೆ ಹೊತ್ತಿದ್ದೋ, ಸೆಟೆದು ನಿಂತಿದೆ,
ಕಾಯುವುದನ್ನು ತಾನೇ ಕಂಡುಹಿಡಿದ ಹಾಗೆ."

ಇವಳ ಕಿಟಕಿಯಲ್ಲಿ ಒಬ್ಬಳು ದೇವದೂತೆ: ಹಲ್ಲಿನ ಡಾಕ್ಟರು ಗೆರ್ಲಿಂಡೆ.
ಒಬ್ಬ ಗಣಿಗಾರ: ಬಸ್ಸು ಓಡಿಸುವ ಫಾಲ್ಕೊ.
ಪಕ್ಕದಲ್ಲಿ ಇನ್ನೊಬ್ಬ ಗಣಿಗಾರ, ಬಣ್ಣವಿಲ್ಲ,
ಟೋಪಿಯ ಕೆಳಗೆ ಬರಿಯ ಮರ.

ಹನ್ನೊಂದು ವರ್ಷ ಎಣಿಸಿ ಸುಮ್ಮನಿದ್ದವಳು
ಈ ಸಲ ಕೇಳಿಬಿಟ್ಟೆ. ಕಾಫಿ ಬಿಸಿಯಿತ್ತು, ನಾಲಿಗೆ ಜಾರಿತು.

"ಅರವತ್ತೊಂದರ ಡಿಸೆಂಬರು. ಏಳು ತಿಂಗಳು ತುಂಬಿತ್ತು.
ಆ ಭಾನುವಾರ ದೇವಾಲಯದಲ್ಲಿ ಎಲ್ಲರೂ
ತುಂಬು ಬಸುರಿ ಮರಿಯಳ ಕತೆ ಕೇಳುತ್ತಿದ್ದರು,
ನಾನು ಕೊನೆಯ ಬೆಂಚಿನಲ್ಲಿ, ಖಾಲಿ.
ಅದಕ್ಕೆ ಹೆಸರಿಡಲಿಲ್ಲ. ಎಲ್ಲಿ ಹೂತರೋ, ನನಗೆ ಹೇಳಲಿಲ್ಲ.
ಆಲ್ವಿನ್ ಕೊಟ್ಟಿಗೆಯಲ್ಲಿ ಲೇತಿನ ಮುಂದೆಯೇ ಕೂತ,
ಊಟಕ್ಕೂ ಬರಲಿಲ್ಲ. ಮೈಯೆಲ್ಲ ಮರದ ಹೊಟ್ಟು.
ಮೂರನೆಯ ದಿನ ಇವನನ್ನು ತಂದಿಟ್ಟ.
'ಮುಖ ಬರಿ' ಎಂದೆ.
'ಬರೆದರೆ ಬಂದು ಹೋದ ಹಾಗಾಗುತ್ತದೆ' ಎಂದ.
'ಇರಲಿ ಬಿಡು. ಬರುವವನಾಗಿಯೇ ಇರಲಿ.'"

ಎರಡು ಬರೋಣವಿದೆ ಎನ್ನುತ್ತಾರೆ ಪಾದ್ರಿ ಪ್ರತಿ ವರ್ಷ:
ಒಂದು ಹುಲ್ಲಿನ ಮೇಲೆ ಆಗಿಹೋದದ್ದು,
ಇನ್ನೊಂದು ಆಗಬೇಕಾದದ್ದು, ದಿನ ಗೊತ್ತಿಲ್ಲ.
ನನ್ನ ತಲೆಗೆ ಎಂದೂ ಹತ್ತಿರಲಿಲ್ಲ.
ಈಗಲೂ ಹತ್ತಿತೆನ್ನಲಾರೆ.
ಗಿಡ್ಡ ಬತ್ತಿ ಒಮ್ಮೆ ಬಿಕ್ಕಿತು, ಅವಳು ಕೈ ಅಡ್ಡ ಹಿಡಿದಳು.

ಬೂಟಿನ ದಾರ ಬಿಗಿದು ಹೊರಗೆ ಬಂದೆ.
ಹಿಮದ ಮೇಲೆ ಮೂರು ಬೆಳಕು ಬಿದ್ದಿತ್ತು,
ಯಾವುದು ಯಾರದು ತಿಳಿಯಲಿಲ್ಲ.
ಇನ್ನೂ ಹದಿನೇಳು ಮನೆ ಬಾಕಿ.
ಬಾಗಿಲಲ್ಲಿ ನಿಂತು "ಭಾಗ್ಯ ಮೇಲಕ್ಕೆ" ಎಂದಳು,
ನನಗೋ,
ನನ್ನ ಹಿಂದೆ ಕತ್ತಲಲ್ಲಿ ಯಾರಿಗೋ.