ನೂರಿಪ್ಪತ್ತೇಳು ಕುಣಿಕೆ

ಯೆಲ್ ದ್ವೀಪದಲ್ಲಿ ಮರಗಳಿಲ್ಲ.
ಗಾಳಿಗೆ ಅಡ್ಡವೆಂದರೆ ಕುರಿ, ಕಲ್ಲಿನ ಗೋಡೆ,
ಮತ್ತೆ ಆಸ್ಲಾ ಹಾಲ್‌ಕ್ರೋ ಹೆಣೆದ ಉಣ್ಣೆಟೊಪ್ಪಿ.

ಗಣಿತದ ಮೇಷ್ಟ್ರಾಗಿದ್ದ ಗಿಡಿಯನ್ ಇಂಕ್‌ಸ್ಟರ್
ನವೆಂಬರಿನಲ್ಲಿ ಬಂದು ಕೇಳಿದರು:
‘ನನಗೊಂದು ಟೊಪ್ಪಿ. ಸುತ್ತಿಗೆ ಕುಣಿಕೆ ನೂರಿಪ್ಪತ್ತೇಳು.
ಒಂದು ಹೆಚ್ಚು ಬೇಡ, ಒಂದು ಕಮ್ಮಿ ಬೇಡ.’

ಹಾಳು ಲೆಕ್ಕ, ಎಂದಳು ಆಸ್ಲಾ.
ಎರಡರ ಗೆರೆ ಹಾಕಿದಳು, ಒಂದು ಕುಣಿಕೆ ಮಿಕ್ಕಿತು.
ಮೂರೆಲೆಯ ಬಳ್ಳಿ: ಒಂದು ಮಿಕ್ಕಿತು.
ಐದರ ನಕ್ಷತ್ರಕ್ಕೆ ಎರಡು.
ಏಳರ ಅಲೆಗೆ ಮತ್ತೆ ಅದೇ ಹಾಳು ಒಂದು.
ಹನ್ನೊಂದರ ಲಂಗರಿಗೆ ಆರು.
ಹನ್ನೆರಡ್ ಹನ್ನೆರಡ್ಲಿ ನೂರ ನಲವತ್ನಾಕು,
ಮಗ್ಗಿಯೇ ಟೊಪ್ಪಿ ದಾಟಿಹೋಯಿತು,
ಇನ್ನು ಹುಡುಕಿ ಫಲವಿಲ್ಲ.
‘ಇದರ ಮೇಲೆ ಯಾವ ಹೂವೂ ಕೂರೋದಿಲ್ಲ ಮೇಷ್ಟ್ರೇ.’
‘ಅದಕ್ಕೇ ಬೇಕು,’ ಎಂದರು, ಬೂಟಿನ ಕೆಸರು ಕೊಡವುತ್ತ.

ಕಡ್ಡಿಯ ಮೇಲೆ ಬೆರಳಿಟ್ಟು ತೋರಿಸಿದರು:
ಮೊದಲ ಕುಣಿಕೆಗೆ ಒಂದು ಕುರಿ ಅನ್ನು,
ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು,
ಇಮ್ಮಡಿಸುತ್ತ ಇಮ್ಮಡಿಸುತ್ತ ಸುತ್ತು ಮುಗಿಸು.
ಒಟ್ಟು ಮಂದೆ ಎಷ್ಟು?
ಚೀಟಿ ಜೇಬಿನಲ್ಲೇ ಇತ್ತು:

೧೭೦೧೪೧೧೮೩೪೬೦೪
೬೯೨೩೧೭೩೧೬೮೭೩೦
೩೭೧೫೮೮೪೧೦೫೭೨೭

‘ಎಷ್ಟು ದೊಡ್ಡಿ ಕಟ್ಟಿದರೂ ಸಮನಾಗಿ ಹಂಚಲಾಗದು.
ಎಲ್ಲವನ್ನೂ ಒಂದರಲ್ಲೇ ಕೂಡು,
ಇಲ್ಲ, ಕುರಿಗೊಂದು ದೊಡ್ಡಿ ಕಟ್ಟು.’

ಇದು ಯಾವತ್ತೋ ಸಾಧಿಸಿಯಾಗಿದೆ, ಪುಸ್ತಕದಲ್ಲಿದೆ.
ಮೇಷ್ಟ್ರಿಗೆ ಮಾತ್ರ ಆ ಸೊನ್ನೆ ತನ್ನ ಕೈಯಿಂದಲೇ ಬರಬೇಕು.
ನಾಲ್ಕರಿಂದ ಹೊರಡು. ಅದನ್ನದರಿಂದಲೇ ಗುಣಿಸು. ಎರಡು ಕಳೆ.
ಉಕ್ಕಿದರೆ ಭಾಗಿಸಿ, ಶೇಷವನ್ನಷ್ಟೇ ಇಟ್ಟುಕೋ.
ಮತ್ತೆ ಗುಣಿಸು.
ಪುಟ್ಟ ನೂರಿಪ್ಪತ್ತೇಳಕ್ಕೆ ಐದೇ ಹೆಜ್ಜೆ:
ಹದಿನಾಲ್ಕು, ಅರವತ್ತೇಳು, ನಲವತ್ತೆರಡು,
ನೂರ ಹನ್ನೊಂದು, ಸೊನ್ನೆ.
ಚಹಾ ಆರುವ ಮೊದಲೇ ಮುಗಿಯಿತು.
ಚೀಟಿಯಲ್ಲಿದ್ದುದಕ್ಕೆ ನೂರಿಪ್ಪತ್ತೈದು ಹೆಜ್ಜೆ,
ಹೆಜ್ಜೆಗೊಂದು ದೊಡ್ಡ ಹಾಳೆ,
ಆರು ಗಂಟೆ ಬೆಳಕಿರುವ ದಿನಗಳು.

ಫೆಬ್ರವರಿಯ ಕೊನೆಗೆ ಬಂದರು,
ಕಂಕುಳಲ್ಲಿ ಹಾಳೆಗಳ ಕಟ್ಟು, ಮುಖ ಹುಳ್ಳಗೆ.
ಕೊನೆಯ ಹಾಳೆಯಲ್ಲಿ ಸೊನ್ನೆ ಇರಲಿಲ್ಲ.
ಮೂವತ್ತೆಂಟಂಕಿಯ ಏನೋ ಒಂದು ಇತ್ತು.

‘ಎಲ್ಲೋ ಕುಣಿಕೆ ಜಾರಿದೆ,’ ಎಂದಳು ಆಸ್ಲಾ,
ಒಲೆಗೆ ಒಣಮಣ್ಣಿನ ಹೆಂಟೆ ಒಟ್ಟುತ್ತ.
ಗುಣಾಕಾರ ನೋಡಲಿಲ್ಲ ಅವಳು, ಸಾಲು ನೋಡಿದಳು.
ತೊಂಬತ್ತೊಂದರಲ್ಲಿ ಬರಹ ಓರೆಯಾಗಿತ್ತು:
ಕರೆಂಟು ಹೋದ ರಾತ್ರಿ,
ಒಂದನ್ನು ಏಳೆಂದು ಓದಿದ್ದರು.
‘ಇಲ್ಲಿವರೆಗೆ ಬಿಚ್ಚಿ. ಬಿಚ್ಚಿದ ನೂಲು ಹಾಳಾಗೋದಿಲ್ಲ.’

ಮೇಷ್ಟ್ರು ಬಹಳ ಹೊತ್ತು ಮಾತಾಡಲಿಲ್ಲ.
ಆಮೇಲೆ ಮೆಲ್ಲಗೆ, ಬೇರೆಯವರ ಮನೆಯ ಗುಟ್ಟು ಹೇಳುವಂತೆ:
ಎರಡರಿಂದ ಮೂರು ಹುಟ್ಟಿತು, ಮೂರರಿಂದ ಏಳು,
ಏಳು ಕುಣಿಕೆಯ ಸುತ್ತಿನಿಂದ ನೂರಿಪ್ಪತ್ತೇಳು,
ಅದರಿಂದ ಈ ಮಂದೆ. ಐದು ತಲೆಯೂ ಅವಿಭಾಜ್ಯ.
ಈಗ ಈ ಮಂದೆಯಷ್ಟು ಕುಣಿಕೆಯ ಸುತ್ತು ಹಾಕಿದರೆ
ಆರನೆಯದು?
‘ಯಾರಿಗೂ ಗೊತ್ತಿಲ್ಲ.’

‘ಅಷ್ಟು ಉಣ್ಣೆಯೂ ಇಲ್ಲ,’ ಎಂದು ಟೊಪ್ಪಿ ಚಾಚಿದಳು.
ಬೂದು ಬಣ್ಣ. ಹೂವಿಲ್ಲ, ಅಲೆಯಿಲ್ಲ.
ಮಿಕ್ಕ ಆ ಒಂದನ್ನು ಮಾತ್ರ ಕೆಂಪು ನೂಲಲ್ಲಿ ಹೆಣೆದು
ಹೆಡತಲೆಗೆ ಬರುವಂತೆ ಇಟ್ಟಿದ್ದಳು.
ಆತ ಅದನ್ನು ಮುಂದಕ್ಕೆ ತಿರುಗಿಸಿ ಹಾಕಿಕೊಂಡು
ತೊಂಬತ್ತೊಂದನೆಯ ಹಾಳೆ ಹಿಡಿದು
ಗಾಳಿಗೆ ಬಾಗಿ ನಡೆದರು.