ಎಲ್ ಆಲ್ತೊದಲ್ಲಿ ಕುದುರೆ ಎಣಿಸುವುದು

ನನ್ನ ಕಸುಬು ಇಷ್ಟೇ: ಕುದುರೆ ಎಣಿಸುವುದು.
ಸಮುದ್ರಕ್ಕಿಂತ ನಾಲ್ಕು ಸಾವಿರ ಮೀಟರು ಮೇಲೆ
ಒಂದು ತಗಡಿನ ಶೆಡ್ಡು, ನೆಲದಲ್ಲಿ ಹೂತ ಎರಡು ಉರುಳೆ.
ಕಾರಿನ ಹಿಂದಿನ ಚಕ್ರ ಅದರ ಮೇಲಿಟ್ಟು, ಬಿಗಿದು ಕಟ್ಟಿ
ಓಡು ಅನ್ನುತ್ತೇನೆ. ಓಡುತ್ತದೆ, ಇದ್ದಲ್ಲೇ.
ಪರದೆಯ ಮೇಲೊಂದು ಗೆರೆ ಗುಡ್ಡ ಹತ್ತಿ ಇಳಿಯುತ್ತದೆ.
ನೆತ್ತಿ ಎಷ್ಟೋ ಕುದುರೆ ಅಷ್ಟು.

ಎರ್ಲಾನ್ ಹುಸ್ತಿನಿಯಾನೊ ಬಂದದ್ದು ಸಾಂತಾ ಕ್ರೂಸಿನಿಂದ,
ಕೆಳಗಿನ ಬಯಲು, ಬೆವರಿನ ಊರು.
ಕಾರು ಕೆಂಪು. ಆರು ಸಿಲಿಂಡರು. ಟರ್ಬೊ ಇಲ್ಲ.
ಆ 'ಇಲ್ಲ'ವನ್ನು ಅವನು
ಬಿರುದು ಹೇಳಿಕೊಳ್ಳುವವನ ಹಾಗೆ ಹೇಳಿದ.
"ತನ್ನ ಉಸಿರು ತಾನೇ ಎಳೆದುಕೊಳ್ಳುತ್ತದೆ, ಸೆನ್ಯೋರಾ.
ಪೆಡಲು ಮುಟ್ಟಿದರೆ ಸಾಕು, ಮಾತಿಗೆ ಮಾತು.
ಎಂಟು ಸಾವಿರ ಸುತ್ತಿನಲ್ಲಿ ಅದರ ಕೂಗು ಕೇಳಬೇಕು ನೀವು.
ಮುನ್ನೂರು ಕುದುರೆ. ಬರೆದುಕೊಳ್ಳಿ."

ನಾನು ಬರೆದುಕೊಳ್ಳುವವಳಲ್ಲ, ಅಳೆಯುವವಳು.
ನೂರ ಎಂಬತ್ತೇಳು.

ಇನ್ನೊಮ್ಮೆ, ಅಂದ. ನೂರ ಎಂಬತ್ತೈದು.
ನಿಮ್ಮ ಯಂತ್ರಕ್ಕೆ ಸುಳ್ಳು ಹೇಳುವ ಚಾಳಿ, ಅಂದ.
ಅನ್ನುವಾಗ ಗೋಡೆ ಹಿಡಿದುಕೊಂಡಿದ್ದ, ತುಟಿ ನೀಲಿ,
ಮೂರು ಮೆಟ್ಟಿಲಿಗೇ ದಡಕ್ಕೆ ಬಿದ್ದ ಮೀನಿನ ಬಾಯಿ.
ಕೋಕಾ ಎಲೆ ಹಾಕಿದ ಬಿಸಿನೀರು ಕೊಟ್ಟು ಕೂರಿಸಿದೆ.
ಉಳಿದ ಕುದುರೆಗಳು ಎಲ್ಲಿ ಹೋದವು ಅಂದರೆ
ನಿನ್ನ ಎದೆಯದ್ದು ಎಲ್ಲಿ ಹೋಯಿತೋ ಅಲ್ಲಿಗೇ ಹೋದವಪ್ಪ,
ಅನ್ನಬೇಕೆನಿಸಿತು. ಗಿರಾಕಿ. ಅನ್ನಲಿಲ್ಲ.

ಅಷ್ಟರಲ್ಲಿ ನನ್ನ ತಂಗಿಯ ಮಗ ಲಿಂಬೆರ್ತ್
ತನ್ನ ಬೂದು ಡಬ್ಬಿಯನ್ನು ಉರುಳೆಗೆ ಹತ್ತಿಸಿದ. ನಾಲ್ಕೇ ಸಿಲಿಂಡರು;
ಪಕ್ಕೆಗಂಟಿದ ಕಬ್ಬಿಣದ ಬಸವನಹುಳು ಒಂದು,
ಬಿಟ್ಟ ಉಸಿರಲ್ಲೇ ತಿರುಗಿ
ಎಳೆಯುವ ಉಸಿರನ್ನು ತಿದಿಯೊತ್ತಿದಂತೆ ತುರುಕುವುದು.
ಒತ್ತಿದ. ಏನೂ ಇಲ್ಲ.
ಏನೂ ಇಲ್ಲ.
ಆಮೇಲೆ ಒಮ್ಮೆಗೇ, ತಡವಾಗಿ ಬಂದ ನೆಂಟ ಬಾಗಿಲು ಒದ್ದ ಹಾಗೆ
ಇನ್ನೂರ ಇಪ್ಪತ್ತು.

"ಎರವಲು ಉಸಿರು," ಎರ್ಲಾನ್ ಮುಖ ತಿರುವಿದ,
"ಸದ್ದೂ ಹಾಗೇ, ಕುಕ್ಕರು!"
ಕುಕ್ಕರಿಲ್ಲದೆ ನಮ್ಮಲ್ಲಿ ಆಲೂಗಡ್ಡೆಯೂ ಬೇಯುವುದಿಲ್ಲ, ಅಂದೆ ನಾನು.
"ನಿಮ್ಮದು ಆರಕ್ಕೇರದು, ಮೂರಕ್ಕಿಳಿಯದು," ಅಂದ ಲಿಂಬೆರ್ತ್,
ಆರು ಸಿಲಿಂಡರಿನ ಎದುರು ನಿಂತು.
ನಗಬಾರದಿತ್ತು. ನಕ್ಕೆ.

ಹಾಗಾದರೆ ಕೆಳಗೆ ಬನ್ನಿ, ಅಲ್ಲಿ ಎಣಿಸಿ, ಅಂತ ಹಟ ಹಿಡಿದ.
ಭಾನುವಾರ ಹೊರಟೆವು. ಕುಂಬ್ರೆ ಕಣಿವೆಯ ನೆತ್ತಿಯಲ್ಲಿ
ನಾಲ್ಕು ಚಕ್ರಕ್ಕೂ ಸಾರಾಯಿ ಚಿಮುಕಿಸಿದೆ, ನೆಲದ ತಾಯಿಗೆ ಎರಡು ಹನಿ.
ಅಲ್ಲಿಂದ ಯುಂಗಾಸಿಗೆ ಬರೀ ಇಳಿಜಾರು.
ನನ್ನ ಹತ್ತಿರ ಯಂತ್ರ ಇರಲಿಲ್ಲ, ಬೆನ್ನು ಇತ್ತು.
ಮೊದಲು ಸೀಟು ಸುಮ್ಮನೆ ಸೀಟಾಗಿತ್ತು.
ಮೂರು ಸಾವಿರಕ್ಕೆ ಬಂದಾಗ ಬೆನ್ನನ್ನು ತಟ್ಟಿತು.
ಎರಡು ಸಾವಿರಕ್ಕೆ ತಳ್ಳಿತು.
ತಿರುವು ತಿರುವಿಗೂ ಮಂಜಿನೊಳಗಿಂದ ಒಂದೊಂದು ಕುದುರೆ
ಮೈ ಕೊಡವಿಕೊಂಡು ಬಂದು ಹಿಂಡು ಸೇರಿದ ಹಾಗೆ.
ಎರ್ಲಾನನ ಕೆನ್ನೆಗೂ ಬಣ್ಣ ಬಂತು.
ಯೊಲೋಸಾ ಹತ್ತಿರ ನೇರ ದಾರಿ ಸಿಕ್ಕಿತು ಒಂದಿಷ್ಟು,
ಕೂಗಿಸಿದ.

ಅದನ್ನು ಹೇಗೆ ಹೇಳಲಿ. ಮೂವತ್ತು ವರ್ಷ ಉರುಳೆಯ ಪಕ್ಕ ಕೂತು
ಕಿವಿ ಅರ್ಧ ಹೋಗಿದೆ. ಉಳಿದರ್ಧ
ಅಲ್ಲೇ ನಿಂತುಬಿಟ್ಟಿತು.
ನಡುವೆ ಯಾರೂ ಇರಲಿಲ್ಲ, ಅವನ ಹೆಬ್ಬೆರಳಿಗೂ ಆ ಕೂಗಿಗೂ.
ಇದನ್ನು ಲಿಂಬೆರ್ತನಿಗೆ ನಾನು ಹೇಳಿಲ್ಲ.

ನನಗೋ, ಅಷ್ಟು ದಪ್ಪ ಗಾಳಿ ಆಗಿಬರುವುದಿಲ್ಲ.
ಲಂಗದ ಮಡಿಕೆಗಳೆಲ್ಲ ಒದ್ದೆ, ತಲೆ ಭಾರ, ಕಣ್ಣು ಎಳೆಯುತ್ತಿತ್ತು.
ಉಳಿಯಿರಿ, ಊಟ ಮಾಡಿ, ಅಂದ. ಒಲ್ಲೆ ಅಂದೆ.

ಸಂಜೆಯ ಬಸ್ಸು. ನಲವತ್ತು ಜನ, ಕಿತ್ತಳೆ ಮೂಟೆ, ಗೊರಕೆ.
ಏರು ಶುರುವಾದಲ್ಲಿಂದ ಕುಂಬ್ರೆಯವರೆಗೂ
ಬಸ್ಸಿನ ಹೊಟ್ಟೆಯೊಳಗೆ ಟರ್ಬೊ ಸಿಳ್ಳೆ ಹಾಕುತ್ತಲೇ ಇತ್ತು.
ಎರವಲೋ ಸ್ವಂತವೋ, ಕೇಳಲು ಯಾರೂ ಎದ್ದಿರಲಿಲ್ಲ.

ಸೋಮವಾರ ರಶೀದಿ ಬರೆದೆ: ನೂರ ಎಂಬತ್ತೇಳು.
ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ: ಎಲ್ ಆಲ್ತೊದಲ್ಲಿ.
ಹಣ ಅವನು ಇನ್ನೂ ಕಳಿಸಿಲ್ಲ.